ತಂಗಿಯ ಪರವಾಗಿ ಹತ್ತು ನಿಮಿಷ

೩, ಸೋಮವಾರ. ಬೆಳಿಗ್ಗೆ ೬.೧೦

ಸಾರಿ. ಡೈರಿ ಬರೆಯುವವರ ಪೈಕಿ ಅಲ್ಲ ನಾನು. ಸ್ಕೂಲ್ ಹಾಸ್ಟೆಲಿನಲ್ಲಿ ಯಾರಾದರೂ ಬರೆದರೆ ಉಳಿದವರು ಊಟದ ಟೇಬಲಿನಲ್ಲಿ ಜೋರಾಗಿ ಓದಿಬಿಡುತ್ತಿದ್ದರು. ಆದರೆ ವಕೀಲರು ಫೋನಿನಲ್ಲಿ ಹೇಳಿದ್ದಾರೆ — ದಿನಾ ಪ್ರಾಕ್ಟೀಸ್ ಮಾಡಿದ್ದನ್ನು ಬರೆದಿಡು ಅಂತ. ಅದಕ್ಕೆ. ಬೇರೆ ಕಾರಣ ಇಲ್ಲ.

ಕನ್ನಡಿ ಮುಂದೆ ನಾಲ್ಕನೇ ಸಲ. ರೂಮ್‌ಮೇಟ್ ಹೊದಿಕೆಯೊಳಗಿಂದಲೇ, "ಮೈ ಲಾರ್ಡ್, ಮಲಗಿದವರನ್ನ ಎಬ್ಬಿಸಿದ್ದಕ್ಕೆ ಎಷ್ಟು ವರ್ಷ ಕೊಡ್ತಾರೆ?" ಅಂದಳು. ನಗು ಬರಬೇಕಿತ್ತು.

ವಿಷಯ ಇಷ್ಟೇ. ತಂಗಿ, ಒಂಬತ್ತು ವರ್ಷ. ಮನೆಯಲ್ಲಿ ಬಟಾಣಿ ಅಂತಾರೆ. ಅಮ್ಮ ಹೋದಮೇಲೆ, ಮೂರು ವರ್ಷದಿಂದ, ದೊಡ್ಡಮ್ಮನ ಹತ್ತಿರ ಇದ್ದಾಳೆ. ಅಪ್ಪನಿಗೆ ಅವಳನ್ನು ನನ್ನ ಹಳೇ ಹಾಸ್ಟೆಲಿಗೆ ಸೇರಿಸಬೇಕು. ಮಗು ತಮ್ಮ ಬಳಿಯೇ ಇರಲಿ ಅಂತ ದೊಡ್ಡಮ್ಮ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಹದಿನಾಲ್ಕಕ್ಕೆ ವಿಚಾರಣೆ. ಅಕ್ಕನ ಮಾತನ್ನೂ ಹತ್ತು ನಿಮಿಷ ಕೇಳುತ್ತೇನೆ ಅಂದರಂತೆ ಜಡ್ಜ್. ಅಕ್ಕ ಅಂದರೆ ನಾನು. ಲಾ ಕಾಲೇಜು ಸೇರಿ ಏಳು ತಿಂಗಳು. ಅಷ್ಟೇ ನನ್ನ ಕ್ವಾಲಿಫಿಕೇಶನ್.

೫, ಬುಧವಾರ

ದೊಡ್ಡಮ್ಮನ ವಕೀಲರ ಆಫೀಸು. ಮೆಟ್ಟಿಲ ಮೇಲೂ ಫೈಲು. ಮೇಡಂ ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾರೆ. ನುಂಗಿದರೆ ಅಂತ ನನಗೇ ಟೆನ್ಷನ್.

"ಸೀಲಿಂಗ್ ಫ್ಯಾನಿಗೆ ವಾದ ಮಾಡ್ತಿದೀಯಲ್ಲಮ್ಮ. ಅದು ತೀರ್ಪು ಕೊಡಲ್ಲ."

ಬರೆದುಕೊಂಡಿದ್ದು: ಏನು ಬೇಕು ಅಂತ ಮೊದಲ ವಾಕ್ಯದಲ್ಲೇ ಹೇಳು. ಓದಬೇಡ, ಮಾತಾಡು. ಜಡ್ಜ್ ಪೆನ್ನು ನೋಡುತ್ತಿರು — ಅವರು ಬರೆಯುವಾಗ ನಿಲ್ಲು, ಪೆನ್ನು ನಿಂತ ಮೇಲೆ ಮುಂದಕ್ಕೆ. ಪ್ರಶ್ನೆ ಬಂತೋ, ನಿನ್ನ ವಾಕ್ಯ ಅರ್ಧಕ್ಕೇ ಬಿಡು. ಮೊದಲು ಹೌದು ಅಥವಾ ಇಲ್ಲ. ಆಮೇಲೆ ಕಾರಣ.

"ಪ್ರಶ್ನೆ ಬಂದ್ರೆ ಖುಷಿ ಪಡು. ಬಾಗಿಲು ತೆಗೆದ ಹಾಗೆ ಅದು. ಗಿಣಿಪಾಠ ಒಪ್ಪಿಸ್ತಾ ಕೂತ್ರೆ ಗಡಿಯಾರ ನೋಡ್ತಾರೆ."

ಕೋಲೆಬಸವನ ಹಾಗೆ ತಲೆ ಆಡಿಸಿದೆ.

"ಹಾಸ್ಟೆಲಲ್ಲಿ ನಿಂಗೇನಾದ್ರೂ ತೊಂದ್ರೆ ಆಗಿತ್ತಾ? ನಂಗೆ ಮೊದ್ಲೇ ಗೊತ್ತಿರ್ಬೇಕು."

"ಇಲ್ಲ ಮೇಡಂ. ಚೆನ್ನಾಗಿತ್ತು."

ಟಿಕ್ ಹಾಕಿ ಪುಟ ತಿರುಗಿಸಿದರು.

೯, ಭಾನುವಾರ. ಮಧ್ಯಾಹ್ನ

ಅಪ್ಪನ ಫೋನು. ಹಡಗಿನ ಕೆಲಸ ಅವರದು, ವರ್ಷಕ್ಕೆ ಎರಡು ಸಲ ನೆಲದ ಮೇಲೆ. ಕೇಸಿಗೋಸ್ಕರ ಬಂದಿದ್ದಾರೆ.

"ಕೇಸಿನ ಬಗ್ಗೆ ಮಾತಾಡಲ್ಲ ಕಣೇ. ಊಟ ಆಯ್ತಾ?"

ಆಯ್ತು ಅಂದೆ. ಆಗಿರಲಿಲ್ಲ.

ಕೆಟ್ಟವರಲ್ಲ ಅವರು. ಬಟಾಣಿ ಬಗ್ಗೆ ಅವರ ವಾದ ಒಂದೇ ಸಾಲು — ದೊಡ್ಡವಳನ್ನ ನೋಡಿ. ಹನ್ನೊಂದು ವರ್ಷ ಹಾಸ್ಟೆಲು, ರ‍್ಯಾಂಕು, ಲಾ ಕಾಲೇಜು. ಅಂದರೆ ಅಪ್ಪನ ಕಡೆಯ ಮುಖ್ಯ ಸಾಕ್ಷಿ ನಾನು. ದೊಡ್ಡಮ್ಮನ ಪರ ಮಾತಾಡುವವಳೂ ನಾನು.

೧೪, ಶುಕ್ರವಾರ. ೨.೪೦, ಕೋರ್ಟ್ ಕಾರಿಡಾರಿನ ಬೆಂಚು

ಮುಗೀತು.

ಏಳು ನಿಮಿಷ ಸರಿಯಾಗೇ ಹೋಯ್ತು. ಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಹೇಳಿದೆ — ತಂಗಿ ಈಗಿರುವ ಮನೆಯಲ್ಲೇ ಇರಲಿ. ಪೆನ್ನು ನೋಡಿದೆ. ನಿಂತೆ. ಮುಂದುವರಿಸಿದೆ. ಶಾಲೆ, ಗೆಳತಿಯರು, ದೊಡ್ಡಮ್ಮ ದಿನಾ ಬೆಳಿಗ್ಗೆ ಹಾಕುವ ಎರಡು ಜಡೆ. ಪುಟ ಹನ್ನೆರಡು, ಟೀಚರ್ ಬರೆದ ಪತ್ರ. ಜಡ್ಜ್ ಆ ಪುಟಕ್ಕೆ ಹೋದರು. ಏನೂ ಅನ್ನಿಸಲಿಲ್ಲ... ಬೇರೆ ಯಾರೋ ಮಾತಾಡುತ್ತಿದ್ದ ಹಾಗೆ.

ಆಮೇಲೆ ಜಡ್ಜ್ ಕನ್ನಡಕ ತೆಗೆದರು. ವಯಸ್ಸಾದವರು. ಮೆತ್ತಗೆ ಕೇಳಿದರು.

"ನೀವೂ ಅದೇ ಹಾಸ್ಟೆಲಲ್ಲಿ ಬೆಳೆದವರು ಅಲ್ವಾ? ಅಲ್ಲಿ ನಿಮಗೇನಾದ್ರೂ ತೊಂದ್ರೆ ಆಯ್ತಾ?"

"ಇಲ್ಲ ಸರ್. ಚೆನ್ನಾಗಿತ್ತು ಸರ್."

ಇನ್‌ಸ್ಪೆಕ್ಷನ್ ದಿನದ ಉತ್ತರ ಅದು. ಹೊರಗಿನಿಂದ ದೊಡ್ಡವರು ಬಂದು ಸಾಲಿನ ಮುಂದೆ ನಿಲ್ಲುತ್ತಿದ್ದರು — ಎಲ್ಲ ಚೆನ್ನಾಗಿದೆಯಾ ಮಕ್ಕಳೇ? ಬೆನ್ನು ನೆಟ್ಟಗೆ, ಕೈ ಹಿಂದೆ, ಚೆನ್ನಾಗಿದೆ ಸರ್. ನಾನಂತೂ ಸಾಲಿನ ಲೀಡರ್. ಮೊದಲು ಹೇಳಬೇಕಾದವಳೇ ನಾನು. ಕೋರ್ಟಿನಲ್ಲಿ ಆಮೇಲೆ ಗಮನಿಸಿದೆ, ಎರಡೂ ಕೈ ಬೆನ್ನ ಹಿಂದೆ ಇತ್ತು.

ಜಡ್ಜ್ ಬರೆದುಕೊಂಡರು. ಪೆನ್ನು ನಿಂತಿತು. ಈಗ ಕಾರಣ ಬರಬೇಕು. ಬರಲಿಲ್ಲ. ಇನ್ನೂ ಮೂರು ನಿಮಿಷ ಇತ್ತು. ಕೂತುಬಿಟ್ಟೆ.

ಹೊರಗೆ ಬಂದಮೇಲೆ ಮೇಡಂ "ಪರವಾಗಿಲ್ಲ ಬಿಡು" ಅಂದರು. ಪರವಾಗಿಲ್ಲ ಅನ್ನುವ ಮುಖ ಅಲ್ಲ ಅದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ದಿನಕ್ಕೆ ಮೂರು ಸಲ ಹೇಳುವ ದೊಡ್ಡಮ್ಮ ಇವತ್ತು ನನ್ನ ಬ್ಯಾಗನ್ನು ತಾವು ಹಾಕಿಕೊಂಡು ನೀರು ತರಲು ಹೋದರು.

ಅಪ್ಪ ಹತ್ತಿರ ಬಂದರು. "ನೀನು ನಿಜಾನೇ ಹೇಳ್ತೀಯ ಅಂತ ಗೊತ್ತಿತ್ತು. ಥ್ಯಾಂಕ್ಸ್ ಕಣೇ." ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ.

ತೀರ್ಪು ೨೪ಕ್ಕೆ.

೧೬, ಭಾನುವಾರ

ಬಟ್ಟೆ ಒಗೆದೆ. ಏನಿಲ್ಲ.

೨೨, ಶನಿವಾರ. ಸಂಜೆ

ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬಟಾಣಿ ಲೆಕ್ಕ ಮಾಡುತ್ತಿದ್ದಳು, ಅಂದರೆ ರಬ್ಬರ್ ಕಚ್ಚುತ್ತಿದ್ದಳು.

"ಅಕ್ಕ, ಅಲ್ಲಿ ಮೇಲಿನ ಮಂಚ ಕೊಡ್ತಾರಾ, ಕೆಳಗಿಂದಾ?"

"ಮೊದಲ ವರ್ಷ ಕೆಳಗಿಂದು."

"ದೆವ್ವ ಇದೆಯಾ?"

"ವಾರ್ಡನ್ ಇದಾರಲ್ಲ, ದೆವ್ವ ಹೆದರಿ ಓಡೋಗಿದೆ."

ನಕ್ಕಳು. ಎರಡು ಲೆಕ್ಕ ಮಾಡಿದಳು. ಆಮೇಲೆ ತಲೆ ಎತ್ತದೆ —

"ದೊಡ್ಡಮ್ಮಂಗೆ ಹುಷಾರು ತಪ್ಪಿದ್ರೆ ಅವತ್ತೇ ನಂಗೆ ಹೇಳ್ತಾರಾ?"

"ಹೇಳ್ತಾರೆ" ಅಂದೆ.

ಥಟ್ಟನೆ ಬಂತು. ಕೋರ್ಟಿನಲ್ಲಿ ಬಂದ ಹಾಗೇ. "ಸರಿ ಹಾಗಿದ್ರೆ" ಅಂದು ಮುಂದಿನ ಲೆಕ್ಕಕ್ಕೆ ಹೋದಳು. ನಂಬಿಬಿಟ್ಟಳು.

೨೩, ಭಾನುವಾರ. ಬೆಳಿಗ್ಗೆ ೭

ನಾಳೆ ಹತ್ತೂವರೆಗೆ ತೀರ್ಪು. ಓದುವ ಮುಂಚೆ ಹೇಳಿಕೆ ತಿದ್ದಲು ಅವಕಾಶ ಕೇಳಬಹುದಂತೆ, ಕೊಡುವುದು ಬಿಡುವುದು ಜಡ್ಜ್ ಇಷ್ಟ — ಸೀನಿಯರ್ ಒಬ್ಬಳು ಹೇಳಿದಳು. ಮೇಡಂಗೆ ಮೆಸೇಜ್ ಟೈಪ್ ಮಾಡಿ ಐದು ಸಲ ಅಳಿಸಿದೆ. ಅದಕ್ಕೇ ಇಲ್ಲಿ, ಪೆನ್ನಿನಲ್ಲಿ. ಈ ಪುಟದ ಫೋಟೋ ಕಳಿಸುತ್ತೇನೆ.

ಮೇಡಂ,

ಕೋರ್ಟಿನಲ್ಲಿ ನಾನು ಕೊಟ್ಟ ಉತ್ತರ ತಪ್ಪು. ನಿಮಗೆ ಕೊಟ್ಟಿದ್ದೂ ತಪ್ಪು.

ಅಮ್ಮ ತೀರಿಕೊಂಡಿದ್ದು ಮಂಗಳವಾರ. ನನಗೆ ಪರೀಕ್ಷೆ ನಡೀತಿತ್ತು. ಶುಕ್ರವಾರ ಕೊನೇ ಪೇಪರ್ ಮುಗಿದ ಮೇಲೆ ವಾರ್ಡನ್ ರೂಮಿಗೆ ಕರೆದು ಹೇಳಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲಿಲ್ಲ. ಅಪ್ಪ, ವಾರ್ಡನ್ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದು, ನನ್ನ ಒಳ್ಳೇದಕ್ಕೆ ಅಂತ. ಪರೀಕ್ಷೆ ಮುಗಿಸಿಯೇ ಬರುತ್ತೇನೆ ಅಂತ ನಾನೇ ಹೇಳಿದ್ದಾಗಿ ಅಪ್ಪ ದೊಡ್ಡಮ್ಮನಿಗೆ ಹೇಳಿದ್ದರಂತೆ. ದೊಡ್ಡಮ್ಮ ಇವತ್ತಿಗೂ ಹಾಗೇ ತಿಳಿದಿದ್ದಾರೆ.

ಆ ಮೂರು ದಿನ ಅಡುಗೆಯವರಿಗೂ ಗೊತ್ತಿತ್ತು. ನನಗೆ ಎರಡು ಸಲ ಸ್ವೀಟ್ ಜಾಸ್ತಿ ಬಡಿಸಿದರು. ನಾನು ಥ್ಯಾಂಕ್ಯೂ ಅಂದೆ.

ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅದಕ್ಕೇ ತೊಂದರೆ ಅನ್ನಲು ಬಾಯಿ ಬರಲಿಲ್ಲ. ಆ ಪರೀಕ್ಷೆಯಲ್ಲಿ ನಾನು ಫಸ್ಟ್. ಅಪ್ಪನ ಫೈಲಿನ ನಾಲ್ಕನೇ ಪುಟದಲ್ಲಿರುವುದು ಅದೇ ಅಂಕಪಟ್ಟಿ.

ನಾಳೆ ಇದನ್ನು ಹೇಳಲು ಬಿಡುತ್ತಾರಾ? ಅಪ್ಪ ಎದುರಿಗೇ ಇರುತ್ತಾರೆ, ಗೊತ್ತು. ಆದರೂ ಹೇಳುತ್ತೇನೆ. ದಯವಿಟ್ಟು ಬೇಗ ಉತ್ತರ ಕೊಡಿ.