ಒಂಬತ್ತನೇ ಕಲಮಿನ ಬ್ರಾಕೆಟ್

3 ಮಾರ್ಚ್, ಬೆಳಿಗ್ಗೆ 8

ಮತ್ತೆ ಬ್ಯಾಡ್ಜ್ ಹುಡುಕಾಟ. ಅಕ್ಕ ಹೊಲಿದ ಕೋಟಿನ ಒಳಜೇಬಿನಲ್ಲೇ ಇತ್ತು. ಹತ್ತು ವರ್ಷದ ಹಿಂದೆ ಇಂಥದೇ ಸಭೆಯ ಗೇಟಿನಾಚೆ ಧಿಕ್ಕಾರ ಕೂಗಿದವಳು ನಾನು. ಈಗ ಒಳಗೆ, ಸರ್ಕಾರದ ಪರವಾಗಿ, ವ್ಯಾಪಾರ ಒಪ್ಪಂದದ ಮಾತುಕತೆಗೆ. ನಮ್ಮ ನಿಯೋಗ ಮೂರೇ ಜನ — ಮುಖ್ಯಸ್ಥರಾದ ಸಾಹೇಬರು, ವಕೀಲೆ, ನಾನು. ಸಭೆಗಳು ಐದು ಕೋಣೆಗಳಲ್ಲಿ, ಒಟ್ಟೊಟ್ಟಿಗೆ. ದೊಡ್ಡ ದೇಶದವರು ಅರವತ್ತು ಮಂದಿ. ಅವರ ಬ್ಯಾಗು ಕಾಯಲಿಕ್ಕೇ ಮೂವರಿದ್ದಾರೆ.

ನನ್ನ ಪಾಲಿಗೆ ನಾಲ್ಕನೇ ಕೋಣೆ. ಒಂಬತ್ತನೇ ಕಲಂ: ಹಳೇ ಬಟ್ಟೆಯ ಆಮದಿಗೆ ಯಾವ ದೇಶವೂ ತಡೆ ಹಾಕಕೂಡದು. ಜಗಳವಾಡಿ ಅದಕ್ಕೆ ಬ್ರಾಕೆಟ್ ಹಾಕಿಸಿದ್ದೇನೆ. ಬ್ರಾಕೆಟ್ ಇರುವ ತನಕ ಅದು ಒಪ್ಪಿದ ಮಾತಲ್ಲ. ಆದರೆ ಕೂತು ಕಾಯಬೇಕು. ಕುರ್ಚಿ ಖಾಲಿಯಾದರೆ ಒಪ್ಪಿದಂತೆಯೇ.

ಸಂಜೆ

ಅಕ್ಕನ ಫೋನು. ಅವಳ ಹೊಲಿಗೆ ಶೆಡ್ಡಿನಲ್ಲಿ ನಲವತ್ತು ಮಷಿನು. ದೊಡ್ಡ ದೇಶಗಳ ಹಳೇ ಬಟ್ಟೆಯ ಮೂಟೆಗಳು ಬಂದಿಳಿದ ಮೇಲೆ ಹನ್ನೊಂದು ಮಾತ್ರ ಓಡುತ್ತಿವೆ.

"ಅವರು ಉಟ್ಟು ಬಿಸಾಕಿದ್ದನ್ನ ನಾವು ತೊಡಬೇಕೇನೇ? ಒಂದು ಶರ್ಟಿನ ಜೇಬಲ್ಲಿ ಸಿನಿಮಾ ಟಿಕೆಟ್ ಸಿಕ್ತು. ಪಿಕ್ಚರ್ ಹೇಗಿತ್ತಂತೆ ಕೇಳು ಅವರನ್ನ!"

"ನಾನಿದೀನಲ್ಲಕ್ಕಾ."

"ನೀನಿದೀಯ. ಬಾಯಿ ಇದೆಯಾ ಇನ್ನೂ?"

5 ಮಾರ್ಚ್

ನೆರವು ಸಂಸ್ಥೆಯವರು — ನಮ್ಮಂಥ ಬಡ ದೇಶಗಳಿಗೆ "ಬೆಂಬಲ" ಕೊಡುವವರು — ತರಬೇತಿ ಇಟ್ಟಿದ್ದಾರೆ. ನಾಳೆ ಬೆಳಿಗ್ಗೆ. ಸರಿಯಾಗಿ ನಾಲ್ಕನೇ ಕೋಣೆಯ ಹೊತ್ತಿಗೆ.

"ಸಾರ್, ನಾನು ಕೋಣೆ ಬಿಟ್ಟು ಬರಲ್ಲ."

"ವಿಮಾನ ಅವರದ್ದು, ಹೋಟೆಲ್ ಅವರದ್ದು. ತಲೆ ತೋರಿಸದಿದ್ರೆ ಹೇಗಮ್ಮಾ? ಎರಡೇ ಗಂಟೆ. ಆಕಾಶ ಏನೂ ಕಳಚಿ ಬೀಳಲ್ಲ."

6 ಮಾರ್ಚ್, ಮಧ್ಯಾಹ್ನ

ಬಿತ್ತು.

ತರಬೇತಿಯಲ್ಲಿ ಅಣಕು ಮಾತುಕತೆ. ನನಗೆ ದೊಡ್ಡ ದೇಶದ ಪಾತ್ರ. ಗೆದ್ದೆ. ಚಪ್ಪಾಳೆ. ಥೂ! ಅಷ್ಟರಲ್ಲಿ ನಿಜವಾದ ಕೋಣೆಯಲ್ಲಿ ಅಧ್ಯಕ್ಷ ನಮ್ಮ ಖಾಲಿ ಕುರ್ಚಿ ನೋಡಿ ಬ್ರಾಕೆಟ್ ಕಿತ್ತುಹಾಕಿದ. ವಕೀಲೆ ಮೇಲಿನ ಮಹಡಿಯಲ್ಲಿ, ಮೀನುಗಾರಿಕೆಯ ಸಭೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಸಾಹೇಬರು ಕನ್ನಡಕ ಒರೆಸಿಕೊಂಡರು. ಅಷ್ಟೇ.

ನೆರವು ಸಂಸ್ಥೆಯ ಸಲಹೆಗಾರನ ಮೇಲೆ ಹರಿಹಾಯ್ದೆ. "ಒಳ್ಳೇ ಪಾಯಿಂಟ್ ಮೇಡಂ, ಮುಂದಿನ ತರಬೇತಿಗೆ ಸೇರಿಸೋಣ" ಅಂದ. ಬರೆದುಕೊಂಡ ಬೇರೆ.

ಅಕ್ಕನಿಗೆ ಹೇಳಿಲ್ಲ. ಹೇಗೆ ಹೇಳಲಿ...

ವಕೀಲೆ ಸಮಾಧಾನ ಮಾಡಿದಳು: "ಸಮಾರೋಪದಲ್ಲಿ ಒಂದೊಂದೇ ಕಲಂ ಓದ್ತಾರೆ. ಮಾತಾಡಬೇಕು ಅಂದ್ರೆ ಮೇಜಿನ ಮೇಲಿರೋ ದೇಶದ ಹೆಸರಿನ ಬೋರ್ಡನ್ನ ಎತ್ತಿ ನೆಟ್ಟಗೆ ನಿಲ್ಲಿಸು. ಒಬ್ಬರು ಬೇಡ ಅಂದ್ರೂ ಬ್ರಾಕೆಟ್ ವಾಪಸ್. ಅದೇ ಕೊನೇ ಅವಕಾಶ ಕಣೇ."

9 ಮಾರ್ಚ್, ಬೆಳಿಗ್ಗೆ 11

ಸಮಾರೋಪದ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕೂತೆ. ಬೋರ್ಡ್ ಇಲ್ಲ. ಎಲ್ಲ ದೇಶಗಳ ಮುಂದೆ ಇದೆ, ನಮ್ಮ ಮುಂದೆ ಇಲ್ಲ! ವಕೀಲೆಗೆ ಮೆಸೇಜ್ ಮಾಡಿದೆ. ಸಾಹೇಬರು ಒಯ್ದಿದ್ದಾರಂತೆ. ಕೆಳಗೆ ತರಬೇತಿಯ ಸರ್ಟಿಫಿಕೇಟ್ ಸಮಾರಂಭ. ಗ್ರೂಪ್ ಫೋಟೋದಲ್ಲಿ ದೇಶದ ಹೆಸರು ಕಾಣಬೇಕಂತೆ.

11.20

ಐದನೇ ಕಲಂ. ಬೋರ್ಡ್ ಇಲ್ಲ ಅಂತ ತಿಳಿಸಲು ಕೈ ಎತ್ತಿದೆ. ಅಧ್ಯಕ್ಷನ ಕಣ್ಣು ಬೋರ್ಡುಗಳ ಮೇಲಷ್ಟೇ. ಮೈಕ್ ಒತ್ತಿದೆ — ಅವನು ಅನುಮತಿ ಕೊಟ್ಟರೆ ಮಾತ್ರ ಅದರ ದೀಪ ಹತ್ತುತ್ತದೆ.

ಆರು. ಆಕ್ಷೇಪ ಇಲ್ಲ, ಅಂಗೀಕಾರ. ಅಧ್ಯಕ್ಷನ ಸುತ್ತಿಗೆ. ಏಳು. ಸುತ್ತಿಗೆ.

ಬಾಯಿ ಇದೆಯಾ ಇನ್ನೂ ಅಂದಳಲ್ಲ ಅಕ್ಕ. ಅವತ್ತು ಗೇಟಿನಾಚೆ ನನಗೆ ಮೈಕ್ ಕೊಟ್ಟವರು ಯಾರು?

ಎಂಟು. ಸುತ್ತಿಗೆ.

ಕುರ್ಚಿ ಹಿಂದಕ್ಕೆ ಸರಿಸಿದ್ದೇನೆ. ಪಕ್ಕದವನು ದುರುಗುಟ್ಟುತ್ತಿದ್ದಾನೆ. ನೋಡಲಿ. ಒಂಬತ್ತ—