ಬಸವಲಿಂಗಮ್ಮ ಅನ್ನುವವಳು ನಾನೇ

ಸದಾಶಿವನಗರ, ತುಮಕೂರು
6 ಆಗಸ್ಟ್ 2025

ಪ್ರೀತಿಯ ಮಂಜುಳಾ,

ಕುಣಿಗಲ್ ಪಟ್ಟಣದ ಸಮಸ್ತ ನಾಗರಿಕರಿಗೂ, ವಿಶೇಷವಾಗಿ ನಿನಗೂ, ಈ ಮೂಲಕ ಸಂತೋಷದಿಂದ ತಿಳಿಯಪಡಿಸುವುದೇನೆಂದರೆ, ನನ್ನ ಪಾಸ್‌ಪೋರ್ಟ್ ಸೈಜ್ ಫೋಟೊದಲ್ಲಿ ಕೊನೆಗೂ ಎರಡೂ ಕಿವಿಗಳು ಬಂದಿವೆ. ಮೊದಲ ಸಲ ಎಡಗಿವಿ ಸೆರಗಿನೊಳಗೆ ಉಳಿದುಬಿಟ್ಟಿತು. ಆಮೇಲೆ ಅದು ಬಂತು, ಕಣ್ಣು ಮುಚ್ಚಿಕೊಂಡಿದ್ದವು. ಸ್ಟುಡಿಯೋದವನು "ಅಮ್ಮಾ, ಉಸಿರು ಬಿಗಿ ಹಿಡೀಬೇಡಿ, ಎಕ್ಸ್‌ರೇ ಅಲ್ಲ ಇದು" ಅಂತ ಬೇಡಿಕೊಂಡ ಮೇಲೆ ಈ ಮಹತ್ಕಾರ್ಯ ನೆರವೇರಿತು. ಒಂದು ಪ್ರತಿ ಕವರಿನೊಳಗೆ ಇಟ್ಟಿದ್ದೇನೆ. ಗೋಡೆಗೆ ಮಾತ್ರ ತೂಗುಹಾಕಬೇಡ, ಯಾರಾದರೂ ಹಾರ ಹಾಕಿಬಿಟ್ಟಾರು.

ನಿನ್ನ ಯುಗಾದಿ ಕಾಗದಕ್ಕೆ ಆಷಾಢ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಕೋಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಟೀಚರ್ ಆಗಿಬಿಡುತ್ತೀಯ. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿರುತ್ತೀಯ. ರಿಟೈರ್ ಆದರೂ ಆ ಚಾಳಿ ಹೋಗಲಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ನಮ್ಮನೆಯವರ ಮಂಡಿ ಮಾತ್ರ ಕಚೇರಿಗಳ ಮೆಟ್ಟಿಲು ಹತ್ತಿ ಹತ್ತಿ ಅವರಿಗಿಂತ ಮೊದಲೇ ಮುದಿಯಾಗಿದೆ. ಯಾವ ಕಚೇರಿ, ಯಾಕೆ ಅನ್ನುವುದೇ ಈ ಕಾಗದದ ವಿಷಯ.

ನಾನು ಪಿಯುಸಿ ಪರೀಕ್ಷೆಗೆ ಕಟ್ಟುತ್ತಿದ್ದೇನೆ. ನಕ್ಕು ಮುಗಿಸು, ಕಾಯುತ್ತೇನೆ.

ಮೊಮ್ಮಗಳು ಇಂಪನಾ ಈಗ ಪಿಯುಸಿ ಓದುತ್ತಿದ್ದಾಳೆ. ಅವಳ ಇತಿಹಾಸದ ಪುಸ್ತಕವನ್ನು ಅವಳಿಗಿಂತ ಮೊದಲು ನಾನು ಓದಿ ಮುಗಿಸಿದೆ. "ಖಾಸಗಿಯಾಗಿ ಕಟ್ಟಬೋದು ಕಣಜ್ಜಿ, ಸುಮ್ನೆ ಕಟ್ಟು" ಅಂದಳು. ನಮ್ಮನೆಯವರು "ಈ ವಯಸ್ನಲ್ಲಿ ಓದಿ ಏನ್ ಮಾಡ್ತೀಯೇ?" ಅಂದರು. "ಪಾಸಾಗ್ತೀನಿ" ಅಂದೆ. ಅವರಿಗೇನು ಗೊತ್ತು? ಕಡಬದ ಹೈಸ್ಕೂಲಿನಲ್ಲಿ ನಮ್ಮಿಬ್ಬರಿಗೂ ಫಸ್ಟ್ ಕ್ಲಾಸ್ ಬಂದ ವರ್ಷ ನೀನು ಟಿಸಿಎಚ್ ಸೇರಿದೆ, ನಾನು ಗುಬ್ಬಿ ಸೇರಿದೆ. ಗುಬ್ಬಿಯಲ್ಲಿ ಕಾಲೇಜೂ ಇತ್ತು, ಅತ್ತೆಮನೆಯೂ ಇತ್ತು. ನನಗೆ ಸೀಟು ಸಿಕ್ಕಿದ್ದು ಎರಡನೆಯದರಲ್ಲಿ.

ಟ್ರಂಕಿನ ತಳದಿಂದ ಮಾರ್ಕ್ಸ್ ಕಾರ್ಡ್ ತೆಗೆದು, ಆಧಾರ್ ಜೊತೆ ಇಟ್ಟು, ಹೊಸ ಹುಡುಗಿಯ ಹಾಗೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಇಂಪನಾಳ ಕಾಲೇಜಿಗೆ ಹೋದೆ. ಕೌಂಟರಿನ ಹುಡುಗಿ ಎರಡನ್ನೂ ನೋಡಿದಳು.

"ಅಮ್ಮಾ, ನೇತ್ರಾವತಿ ಯಾರು?"

"ನಾನೇ ಕಣಮ್ಮ."

"ಮತ್ತೆ ಈ ಬಸವಲಿಂಗಮ್ಮ?"

"ಅವಳೂ ನಾನೇ."

"ಹಂಗಾದ್ರೆ ಇಬ್ರೂ ಒಬ್ರೇ ಅಂತ ಸರ್ಟಿಫಿಕೇಟ್ ತನ್ನಿ. ಆಗಸ್ಟ್ ಮುಗಿಯೋದ್ರೊಳಗೆ ಬರ್ಬೇಕು, ಇಲ್ದಿದ್ರೆ ಮುಂದಿನ ವರ್ಷ."

ಆ ಹುಡುಗಿಗೆ ನಾನು ಹೊಸ್ತಿಲ ಕಥೆ ಹೇಳುವುದು ಹೇಗೆ? ನನ್ನ ಮದುವೆಗೆ ಬಂದಿದ್ದೆಯಲ್ಲ, ನಿನಗೆ ಗೊತ್ತು. ಅಕ್ಕಿಯ ಸೇರು ಒದೆಯಲು ಬಲಗಾಲು ಎತ್ತಿದ್ದೇನೆ, ಒಳಗಿನಿಂದ ಅತ್ತೆ "ತಡಿಯವ್ವ" ಅಂದರು. ಅವರ ಹೆಸರೂ ಬಸವಲಿಂಗಮ್ಮ. "ನನ್ನ ಮಗ ಹೆತ್ತವ್ವನ ಹೆಸರು ಹಿಡಿದು ಹೆಂಡ್ತೀನ ಕೂಗಕ್ಕಾಯ್ತದಾ?" ನ್ಯಾಯವಾದ ಪ್ರಶ್ನೆಯೇ. ನನ್ನ ನಾದಿನಿ ಯಾವುದೋ ಪತ್ರಿಕೆಯಲ್ಲಿ ಓದಿದ ಹೆಸರೊಂದನ್ನು ಸೂಚಿಸಿದಳು. ನಾನು ಒಂಟಿಕಾಲಿನಲ್ಲಿ ನಿಂತಿರುವಾಗಲೇ ನೇತ್ರಾವತಿಯಾದೆ. ಸೇರು ಒದ್ದವಳು ಅವಳು.

ಅಪ್ಪ ಅವ್ವನೂ ಅಂದಿನಿಂದಲೇ ಹಳೆಯ ಹೆಸರು ಬಿಟ್ಟರು. ಮಗಳನ್ನು ಕೂಗಲು ಹೋಗಿ ಬೀಗಿತ್ತಿಯ ಹೆಸರು ಹಿಡಿದ ಹಾಗಾಗುತ್ತದೆ ಅಂತ ಮರ್ಯಾದೆ. ನೀನೊಬ್ಬಳು ಮರ್ಯಾದೆಗೆಟ್ಟವಳು. ಮದುವೆಯಾದ ತಿಂಗಳಿಗೆ "ಬಸವಲಿಂಗಮ್ಮನವರಿಗೆ" ಅಂತ ವಿಳಾಸ ಬರೆದು ಕಾಗದ ಹಾಕಿದೆ. ಪೋಸ್ಟ್‌ಮ್ಯಾನ್ ಅದನ್ನು ಅತ್ತೆಯ ಕೈಗೇ ಕೊಟ್ಟ. ಅತ್ತೆ ನಾದಿನಿಯ ಕೈಲಿ ಜಗಲಿ ಮೇಲೆ ಕೂತು ಓದಿಸಿದರು. "ನಿಮ್ಮತ್ತೆ ಹೇಗಿದ್ದಾರೆ, ತುಂಬಾ ಜೋರಾ?" ಅನ್ನುವ ಸಾಲು ಬಂದಾಗ ನಾನು ಅಡುಗೆಮನೆಯಲ್ಲಿ ದೇವರನ್ನು ನೆನೆಯುತ್ತಿದ್ದೆ. ಅತ್ತೆ ಎಲೆಅಡಿಕೆ ಉಗುಳಿ ಬಂದು "ಜೋರೇ ಅಂತ ಬರಿ ಬುಡವ್ವ, ಪಾಪ ಕೇಳವಳೆ" ಅಂದರು. ಮಹಾತಾಯಿ. ಹೆಸರೊಂದನ್ನು ಬಿಟ್ಟು ನನ್ನಿಂದ ಅವರು ಏನನ್ನೂ ಕಿತ್ತುಕೊಂಡವರಲ್ಲ. ಅವರು ಹೋದ ಮೇಲೆ ಆ ಹೆಸರು ಖಾಲಿ ಬಿದ್ದಿತ್ತು. ವಾಪಸು ತೆಗೆದುಕೋ ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಸರಿ, ಗುಬ್ಬಿಯ ತಾಲ್ಲೂಕು ಕಚೇರಿಗೆ ಹೋದೆವು. ಬಸ್ಸಿನಲ್ಲಿ ಆಧಾರ್ ತೋರಿಸಿದರೆ ನೇತ್ರಾವತಿಗೆ ಟಿಕೆಟ್ ಫ್ರೀ. ಬಸವಲಿಂಗಮ್ಮನನ್ನು ಹುಡುಕಲು ನೇತ್ರಾವತಿ ಪುಕ್ಕಟೆಯಾಗಿ ಹೋದಳು, ನಮ್ಮನೆಯವರು ದುಡ್ಡು ಕೊಟ್ಟು ಬಂದರು. ಅಫಿಡವಿಟ್ಟು, ಸ್ಟಾಂಪು, ಜೆರಾಕ್ಸು, ನೋಟರಿಯ ಕಾಫಿ ಇವುಗಳ ಖರ್ಚನ್ನು ನಿನಗೆ ಬರೆಯುವುದಿಲ್ಲ. ಅದನ್ನು ದಿನಾ ಊಟದ ಹೊತ್ತಿಗೆ ಓದಿ ಹೇಳುವ ಕೆಲಸವನ್ನು ನಮ್ಮನೆಯವರು ವಹಿಸಿಕೊಂಡಿದ್ದಾರೆ.

ಗುಮಾಸ್ತರು ನಮ್ಮ ಮನೆಯ ಹಳೆಯ ರೇಷನ್ ಕಾರ್ಡ್ ಬಿಡಿಸಿ, ಗೀಟು ಎಳೆದಿದ್ದ ಹೆಸರು ನೋಡಿ ಕನ್ನಡಕ ತೆಗೆದರು. "ಬಸವಲಿಂಗಮ್ಮ ತೀರ್ಕೊಂಡವ್ರಲ್ಲಮ್ಮ!"

"ಅವರು ನಮ್ಮತ್ತೆ ಸಾರ್."

"ಮತ್ತೆ ನೀವು?"

"ನಾನೂ ಬಸವಲಿಂಗಮ್ಮನೇ. ಅವರು ಮೊದಲೇ ಇದ್ದಿದ್ರಿಂದ ಆಗಕ್ಕಾಗಲಿಲ್ಲ."

ಅವರು ಬಹಳ ಹೊತ್ತು ನನ್ನನ್ನೂ ಫ್ಯಾನನ್ನೂ ನೋಡಿದರು. ನಂತರ ಸರ್ಕಾರದ ತೀರ್ಪು ಹೊರಬಿತ್ತು. ಹುಟ್ಟಿದ್ದು ಕಡಬದಲ್ಲಿ, ಆದ್ದರಿಂದ ಕಡಬದ ನಾಡಕಚೇರಿಗೆ ಹೋಗಿ. ಅಲ್ಲಿ ಮದುವೆಗೆ ಮುಂಚಿನಿಂದ ಬಲ್ಲವರೊಬ್ಬರು ಎದುರಿಗೆ ನಿಂತು "ಇವಳೇ ಅವಳು" ಅಂತ ಹೇಳಬೇಕು.

ಅದೇನು ಮಹಾ ಅಂದುಕೊಂಡು ಹೋದೆ. ಕೆರೆ ಏರಿ ಮೇಲೆ ಬಸ್ಸು ಬರುವಾಗ ನೀರಿನ ವಾಸನೆ ಹಾಗೇ ಇತ್ತು, ಮಂಜೀ. ಆ ಏರಿಯ ಮೇಲೆ ಎಷ್ಟು ಸಲ ಓಡಿದ್ದೇವೆ ನಾವು! ಪ್ರಾರ್ಥನೆಯ ಬೆಲ್ಲು ಹೊಡೆದರೂ ನಾನು ತೆಂಗಿನ ತೋಟದಲ್ಲಿ ಹರಳು ಎಸೆಯುತ್ತಾ ನಿಂತಿರುತ್ತಿದ್ದೆ. ನೀನು ಏರಿಯ ತುದಿಯಿಂದ "ಬಸ್ಲಿಂಗೀ... ಬೆಲ್ಲಾಯ್ತು ಬಾರೇ!" ಅಂತ ಕೂಗಿದರೆ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಿರುಗಿ ನೋಡುತ್ತಿದ್ದರು.

ತಮ್ಮ ಗಂಗಾಧರ್ ನಾಡಕಚೇರಿಗೆ ಇಸ್ತ್ರಿ ಷರ್ಟ್ ಹಾಕಿಕೊಂಡೇ ಬಂದಿದ್ದ. ನನ್ನ ಮದುವೆಯಲ್ಲಿ ಅವನು ತೊಟ್ಟಿಲಲ್ಲಿದ್ದವನು. ಅಧಿಕಾರಿ ಕೇಳಿದರು, "ನಿಮ್ಮಕ್ಕನ ಹೆಸರೇನ್ರಿ?"

ಎದೆ ಉಬ್ಬಿಸಿ ಹೇಳಿದ. "ನೇತ್ರಾವತಿ ಸಾರ್."

ನಾನು ಅವನನ್ನು ತಿವಿದೆ. "ಬಸವಲಿಂಗಮ್ಮ ಅಲ್ವೇನ್ಲಾ?"

"ಅದು ನಿಮ್ಮತ್ತೆ ಅಲ್ವಕ್ಕಾ?"

ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆಮೇಲೆ ಅವನೇ ಓಡಿಹೋಗಿ ಏರಿ ಪಕ್ಕದ ಓಬಳಯ್ಯನವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಕಣ್ಣು ಮಂಜಾಗಿದೆ, ಆದರೂ ನನ್ನ ದನಿ ಕೇಳಿ ಹಿಡಿದರು. "ಸಿದ್ದಗಂಗಯ್ಯನ ಮಗಳಲ್ವೇನವ್ವ ನೀನು? ಹುಣಸೇ ಮರದಿಂದ ಬಿದ್ದೋಳು!"

"ಹೌದು ಓಬಳಯ್ಯ, ನನ್ನ ಹೆಸ್ರು ಹೇಳಿ ಮತ್ತೆ."

"ಹೆಸ್ರು ಯಾಕವ್ವ? ಬಿದ್ದಿದ್ದು ಗ್ಯಾಪ್ಕ ಐತಲ್ಲ!"

ಅಧಿಕಾರಿ ಒಳ್ಳೆಯವರು. ನಗು ತಡೆದುಕೊಂಡು, "ಬಿದ್ದಿದ್ದಕ್ಕೆ ಸರ್ಟಿಫಿಕೇಟ್ ಕೊಡೋ ಪವರ್ ನಂಗಿಲ್ಲ ಅಜ್ಜಾ" ಅಂದರು. ನನ್ನ ಕಡೆ ತಿರುಗಿ, "ಆ ಹೆಸರಲ್ಲಿ ನಿಮ್ಮನ್ನ ಕೂಗ್ತಿದ್ದೋರು ಯಾರೂ ಇಲ್ವಾಮ್ಮ?" ಅಂತ ಕೇಳಿದರು.

ಇದ್ದಾಳೆ ಸಾರ್, ಕುಣಿಗಲ್ಲಿನಲ್ಲಿ ಇದ್ದಾಳೆ, ಗಂಟಲು ಇನ್ನೂ ಚೆನ್ನಾಗಿದೆ ಅಂದೆ. ಮುಂದಿನ ಮಂಗಳವಾರ ಕರೆದುಕೊಂಡು ಬನ್ನಿ ಅಂದರು.

ಹಾಗಾಗಿ ನೀನು ಬರಬೇಕು. ಸೋಮವಾರವೇ ನಮ್ಮನೆಗೆ ಬಾ, ಬೆಳಿಗ್ಗೆ ಒಟ್ಟಿಗೆ ಹೋಗೋಣ. ನಿನ್ನ ಆಧಾರ್, ಅದರ ಜೆರಾಕ್ಸ್, ಕನ್ನಡಕ ಮರೆಯಬೇಡ. ರಾಗಿ ಹುರಿಹಿಟ್ಟು ಮಾಡಿಡುತ್ತೇನೆ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ಹೆಸರು ಬದಲಾಯಿಸಿಕೊಳ್ಳದೆ ನೂರು ವರ್ಷ ಬಾಳಲಿ.

ಇಂತಿ ನಿನ್ನ,
(ಸರ್ಕಾರ ತೀರ್ಮಾನಿಸಿದ ಮೇಲೆ ಹೆಸರು ತುಂಬುತ್ತೇನೆ)

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲಾಗಲಿಲ್ಲ. ಕಳೆದ ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಾಗ ನಾನು ಕಡಬದಲ್ಲೇ ಇದ್ದೆ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಹುಣಸೇಹಣ್ಣು ಬಿಡಿಸುತ್ತಿದ್ದೆ. ಅವ್ವ ಕಣ್ಣು ಬಿಟ್ಟು, ಚೆನ್ನಾಗಿ, ಸ್ಪಷ್ಟವಾಗಿ "ಬಸ್ಲಿಂಗೀ" ಅಂತ ಕೂಗಿದಳು. ನಾನು ಬಾಗಿಲ ಕಡೆ ನೋಡಿದೆ. "ಅತ್ತೆ ಎಲ್ಲವ್ರೆ ಅವ್ವಾ, ಅವ್ರು ಹೋಗಿ ಎಷ್ಟೋ ವರ್ಷ ಆಯ್ತಲ್ಲ" ಅಂದೆ. ಅವ್ವ ನನ್ನನ್ನೇ ನೋಡಿದಳು. ತಪ್ಪು ಉತ್ತರ ಹೇಳಿದ ಮಗುವಿನ ಹಾಗೆ ಮುಖ ಸಣ್ಣ ಮಾಡಿಕೊಂಡು, "ಹೂಂ ಕಣವ್ವ. ನೇತ್ರಾ, ಒಸಿ ನೀರು ಕೊಡು" ಅಂದಳು. ಕೊಟ್ಟೆ. ಮಾರನೆಯ ದಿನ ಅವಳು ಹೋದಳು. ಅಂದು ಅವಳು ಕೂಗಿದ್ದು ಯಾರನ್ನು ಅಂತ ಕೌಂಟರಿನ ಹುಡುಗಿ "ಈ ಬಸವಲಿಂಗಮ್ಮ ಯಾರು" ಅಂತ ಕೇಳುವತನಕ ನನಗೆ ಹೊಳೆದಿರಲಿಲ್ಲ. ಫೋಟೊದಲ್ಲಿ ನೋಡು, ಕಿವಿ ಎರಡೂ ಇವೆ.

ಆದ್ದರಿಂದ ಮಂಗಳವಾರ ಇನ್ನೊಂದು ಸಣ್ಣ ಕೆಲಸ ಮಾಡಿಕೊಡು. ನಾನು ಮುಂದೆ ಹೋಗಿ ನಾಡಕಚೇರಿಯ ಬಾಗಿಲಲ್ಲಿ ಆ ಕಡೆ ಮುಖ ಮಾಡಿ ನಿಂತಿರುತ್ತೇನೆ. ನೀನು ಗೇಟಿನಿಂದಲೇ, ಏರಿ ಮೇಲಿಂದ ಕೂಗುತ್ತಿದ್ದೆಯಲ್ಲ, ಹಾಗೆ ಕೂಗು. ನಾನು ತಕ್ಷಣ ತಿರುಗದಿದ್ದರೆ ಇನ್ನೊಂದು ಸಲ ಕೂಗು.