ಕಡೆಯ ಅಕ್ಷರಕ್ಕೆ ಜಾಗ

ಶಾಸಕರ ಭವನ, ಮೂರನೇ ಮಹಡಿ
ಮಾರ್ಚ್ ೧೪, ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ ತಮ್ಮನ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ. ನಿನ್ನ ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಬೈಯುವುದನ್ನೆಲ್ಲ ಈಗಲೇ ಬೈದು ಮುಗಿಸಿಬಿಡು, ಮುಂದೆ ಓದುತ್ತ ಹೋದಂತೆ ನಿನಗೆ ಬೈಯುವ ಮನಸ್ಸು ಉಳಿಯುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನೀನು "ಹೂಂ, ಸರಿ, ಇಡ್ಲಾ" ಬಿಟ್ಟು ನಾಲ್ಕನೇ ಮಾತಾಡುವವನಲ್ಲ. ಇಂಥ ಸುದ್ದಿಯನ್ನು ನಿನ್ನ "ಹೂಂ"ಗೆ ಒಪ್ಪಿಸಲು ನನಗೆ ಇಷ್ಟವಿಲ್ಲ.

ನಿನ್ನ ಕನ್ನಡಕ ಇನ್ನೂ ರಿಪೇರಿಯಲ್ಲೇ ಇದೆಯಂತಲ್ಲ? ಐದು ತಿಂಗಳಾಯಿತು. ಅಷ್ಟರಲ್ಲಿ ಹೊಸ ಕಣ್ಣೇ ಬರುತ್ತಿತ್ತು. ಪಾಪ, ಮಗಳು ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ನೀನು ಹೇಳಿದ್ದನ್ನೆಲ್ಲ ಬರೆಯಬೇಕು. ಅವಳ ಅಕ್ಷರ ಚೆನ್ನಾಗಿಯೇ ಇದೆ, ಸ್ವಲ್ಪ ಮಲಗಿಕೊಂಡಿರುತ್ತದೆ ಅಷ್ಟೆ. ಬೋರ್ಡ್ ಬರೆಯುವ ಕೆಲಸವೆಲ್ಲ ಫ್ಲೆಕ್ಸ್ ಮಷೀನಿನ ಪಾಲಾಯಿತು, ನಾನು ಅಂಗಡಿಯಲ್ಲಿ ಕೂತು ರೇಡಿಯೋ ಕೇಳುತ್ತೇನೆ ಎಂದು ಬರೆಸಿದ್ದೀಯ. ಕೇಳು, ಯಾರು ಬೇಡ ಅಂದರು.

ಇಲ್ಲಿ ನನ್ನ ಮರ್ಯಾದೆಯ ಕಥೆ ಕೇಳು. ನಮ್ಮ ಮಹಡಿಯ ಮೂಲೆಯಲ್ಲಿ "ಶೌಚಲಯ" ಎಂದು ದೊಡ್ಡದಾಗಿ ಬರೆದ ಬೋರ್ಡಿತ್ತು. ದಿನಾ ಹೋಗುವಾಗ ಬರುವಾಗ ಆ ಇಲ್ಲದ ದೀರ್ಘ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಭಾನುವಾರ ತಡೆಯಲಾರದೆ, ಪೆಟ್ಟಿಗೆಯ ತಳದಲ್ಲಿದ್ದ ಬ್ರಷ್ ತೆಗೆದು ಸರಿಮಾಡಿದೆ. ಭವನದ ಮೇಲ್ವಿಚಾರಕ ನೋಡಿದ. ಗದರುತ್ತಾನೆ ಅಂದುಕೊಂಡರೆ, ಉಳಿದ ನಾಲ್ಕು ಮಹಡಿಯದೂ ಹಾಗೇ ಇದೆ, ಯಾವಾಗ ಬರ್ತೀರಿ ಎಂದು ಕೇಳಿದ. ನಾನು ಶಾಸಕ ಎಂದು ಹೇಳಿದರೆ ನಂಬಲಿಲ್ಲ. ಗುರುತಿನ ಚೀಟಿ ತೋರಿಸಿದ ಮೇಲೂ ಅವನ ಮುಖದಲ್ಲಿದ್ದದ್ದು ಅನುಮಾನವೇ.

ಸದನದಲ್ಲಿಯೂ ಅಷ್ಟೆ. ಅಲ್ಲಿ ನನಗೆ "ಗೋಡೆ" ಎಂದು ಹೆಸರಿಟ್ಟಿದ್ದಾರೆ. ಗೋಡೆ ಬರಹದವನು ಎಂದೂ ಆಯಿತು, ಎಂಟು ತಿಂಗಳಲ್ಲಿ ಪ್ರಮಾಣವಚನ ಬಿಟ್ಟು ಬಾಯಿ ಬಿಟ್ಟಿಲ್ಲ ಎಂದೂ ಆಯಿತು. ನನ್ನ ಪಕ್ಕದ ಕುರ್ಚಿ ಒಬ್ಬ ಟೀಚರಮ್ಮನದು. ನಿವೃತ್ತಿಯಾದ ಮೇಲೆ ಗೆದ್ದು ಬಂದವರು, ನಿಯಮದ ಪುಸ್ತಕ ಬಾಯಿಪಾಠ. ನಾನು ತೂಕಡಿಸಿದರೆ ಪೆನ್ಸಿಲಿನಿಂದ ತಿವಿಯುತ್ತಾರೆ. ಅವರ ಪೆನ್ಸಿಲ್ ಇಲ್ಲದಿದ್ದರೆ ನಾನು ಅರ್ಧ ಅಧಿವೇಶನ ಕನಸಿನಲ್ಲೇ ಕಳೆಯುತ್ತಿದ್ದೆ.

ಈಗ ಅಸಲು ಸುದ್ದಿಗೆ ಬರುತ್ತೇನೆ. ಪೇಪರಿನಲ್ಲಿ ನಾಲ್ಕು ಸಾಲು ಬಂದಿದೆ, ಅದರಲ್ಲಿ ಮೂರು ತಪ್ಪು. ಅದನ್ನು ಓದಿದ್ದರೆ ಮರೆತುಬಿಡು.

ನಾನು ಇಲ್ಲಿಗೆ ಬಂದದ್ದೇ ಒಂದು ಕೆಲಸಕ್ಕೆ, ನಿನಗೆ ಗೊತ್ತಲ್ಲ. ನಮ್ಮಂಥ ಸಣ್ಣ ಊರಿನ ಆಸ್ಪತ್ರೆಗಳ ಹೆರಿಗೆ ವಾರ್ಡ್ ಮುಚ್ಚಿ, ಬಸುರಿಯರನ್ನೆಲ್ಲ ಮೂರು ಗಂಟೆ ದೂರದ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ ಎಂಬ ಸುದ್ದಿ ಹುಟ್ಟಿದಾಗಲೇ ಊರವರು ಚುನಾವಣೆಗೆ ನಿಲ್ಲಿ ಎಂದು ನನ್ನ ಬೆನ್ನು ಬಿದ್ದದ್ದು. ಊರಿನ ಪ್ರತಿ ಗೋಡೆಯ ಮೇಲೂ ನಿಮ್ಮ ಅಕ್ಷರವೇ ಇದೆ, ನಿಮಗೆ ಬೇರೆ ಪರಿಚಯ ಯಾಕೆ ಎಂದರು. ನೀನಂತೂ ನನ್ನ ಎದುರಾಳಿಯ ಗೋಡೆಗಳನ್ನೂ ಬರೆಯಲು ಒಪ್ಪಿಕೊಂಡೆ. ಕಸುಬು ಕಸುಬೇ ಅಂದೆ. ಅವನ ಗೋಡೆಗಳೇ ಹೆಚ್ಚು ಚಂದ ಬಂದಿದ್ದವು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಆಸ್ಪತ್ರೆಗಳ ಮಸೂದೆ ಮೊನ್ನೆ ಬುಧವಾರ ಸದನಕ್ಕೆ ಬಂತು. ಅದರ ಹನ್ನೊಂದನೇ ಕಲಮು ನಮ್ಮದು. ಅದೊಂದು ಸಾಲು ಸೇರಿಸಲು ಆರು ತಿಂಗಳು ಮಂತ್ರಿಗಳ ಕೋಣೆಯ ಹೊರಗಿನ ಬೆಂಚು ಸವೆಸಿದ್ದೇನೆ. "ಹತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಗಳ ಹೆರಿಗೆ ವಾರ್ಡುಗಳನ್ನು ಮುಚ್ಚತಕ್ಕದ್ದಲ್ಲ." ಇಷ್ಟೇ. ಮಂತ್ರಿಗಳು ಒಪ್ಪಿದ್ದರು. ಎಲ್ಲರೂ "ಹೌದು" ಎಂದರೆ ಮುಗಿಯಿತು.

ಮತಕ್ಕೆ ಹಾಕುವ ಹೊತ್ತಿಗೆ ಅಚ್ಚಾದ ಪ್ರತಿ ಕೈಗೆ ಬಂತು. ಎಲ್ಲರೂ ಮೊದಲಿನಿಂದ ಓದಿದರು. ನಾನು ಕಡೆಯಿಂದ ಓದಿದೆ. ನೀನು ಕಲಿಸಿದ್ದು ಹಾಗಲ್ಲವೇ? ನಾನು ಬರೆದ ಮೊಟ್ಟಮೊದಲ ಬೋರ್ಡು ನೆನಪಿದೆಯಾ, "ಸೈಕಲ್ ರಿಪೇರಿ ಅಂಗ"? "ಡಿ"ಗೆ ಜಾಗವೇ ಉಳಿದಿರಲಿಲ್ಲ. ಅಂಗಡಿಯವನು, ನಾನು ಸೈಕಲ್ ರಿಪೇರಿ ಮಾಡ್ತೀನೋ ಮನುಷ್ಯರನ್ನೋ ಎಂದು ಬೀದಿ ತುಂಬ ಕೂಗಾಡಿದ್ದ. ನೀನು ಬೈಯಲಿಲ್ಲ. ಹಲಗೆಯನ್ನು ಒರೆಸಿ, ಬಲತುದಿಯಲ್ಲಿ ಬೆರಳಿಟ್ಟು, ಕಡೆಯ ಅಕ್ಷರಕ್ಕೆ ಮೊದಲು ಜಾಗ ಇಡು, ಉಳಿದವು ತಾವಾಗಿ ಕೂರುತ್ತವೆ ಎಂದೆ. ಅವತ್ತಿನಿಂದ ನನ್ನ ಕಣ್ಣು ಎಲ್ಲಿ ಹೋದರೂ ಮೊದಲು ಸಾಲಿನ ತುದಿಗೇ ಹೋಗುತ್ತದೆ.

ಹನ್ನೊಂದನೇ ಕಲಮಿನ ತುದಿಯಲ್ಲಿ "ಮುಚ್ಚತಕ್ಕದ್ದು" ಎಂದಿತ್ತು.

ನನಗೆ ನೋಡಿದ ತಕ್ಷಣ ಗೊತ್ತಾಯಿತು ಏನಾಗಿದೆ ಎಂದು. ಸಾಲು ಉದ್ದವಾಗಿ "ಲ್ಲ" ಅಂಚಿನಾಚೆ ಬಿದ್ದುಹೋಗಿದೆ. ಉಳಿದ "ಮುಚ್ಚತಕ್ಕದ್ದ" ನೋಡಿದ ಯಾವನೋ ಪುಣ್ಯಾತ್ಮ, ಅಯ್ಯೋ ಕೊಂಬು ಬಿಟ್ಟುಹೋಗಿದೆ ಎಂದು ಒಂದು ಕೊಂಬು ಸಿಕ್ಕಿಸಿದ್ದಾನೆ. ಉಳಿಸಬೇಕಾದ ಕಲಮೇ ಈಗ ರಾಜ್ಯದ ಸಣ್ಣ ವಾರ್ಡುಗಳನ್ನೆಲ್ಲ ಮುಚ್ಚಿಸುವ ಕಲಮಾಗಿ ಕೂತಿತ್ತು. ನನ್ನ ಕಣ್ಣ ಮುಂದೆ ಬಂದದ್ದು ನಿನ್ನ ಮಗಳು.

ಟೀಚರಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಓದಿದರು. ಅಷ್ಟರಲ್ಲಿ ಸಭಾಧ್ಯಕ್ಷರು ಹತ್ತನೇ ಕಲಮು ಮುಗಿಸಿ ಹನ್ನೊಂದಕ್ಕೆ "ಹೌದು ಎನ್ನುವವರು" ಎಂದು ಶುರುಮಾಡಿಯೇ ಬಿಟ್ಟಿದ್ದರು. ಟೀಚರಮ್ಮ ಪೆನ್ಸಿಲಿನಿಂದ ತಿವಿದ ರಭಸಕ್ಕೆ ನಾನು ಎದ್ದು ನಿಂತೆ. ಕಾಲು ಗಡಗಡ. ಮೂವತ್ತು ವರ್ಷದಿಂದ ಕಾಲು ನಡುಗಿದಾಗಲೆಲ್ಲ ಏನು ಕೂಗಿದ್ದೇನೋ, ಬಾಯಿಗೆ ಅದೇ ಬಂತು.

"ಏಣಿ ಹಿಡ್ಕೊಳ್ಳಿ!"

ಇಡೀ ಸದನ ಹೊಟ್ಟೆ ಹಿಡಿದುಕೊಂಡು ನಕ್ಕಿತು ಅಣ್ಣ. ಬಾಗಿಲಲ್ಲಿ ನಿಂತ ಸಿಬ್ಬಂದಿಯೂ ನಕ್ಕರು. ಗೋಡೆಗೆ ಬಾಯಿ ಬಂತು ಎಂದು ಆಚೆ ಕಡೆಯಿಂದ ಯಾರೋ ಅಂದರು. ಸಭಾಧ್ಯಕ್ಷರು ನಗು ನುಂಗಿಕೊಂಡು ಗಂಟೆ ಬಾರಿಸಿದರು. ಸದನದ ನಿಯಮ ತಪ್ಪಿದೆ ಎಂದು ಎದ್ದು ಹೇಳುವುದಕ್ಕೆ ಇಲ್ಲಿ "ಕ್ರಿಯಾಲೋಪ" ಎನ್ನುತ್ತಾರೆ. ಹಾಗೆ ಹೇಳಿದರೆ ಯಾರ ಮಾತನ್ನಾದರೂ ನಿಲ್ಲಿಸಬಹುದು.

"ಮಾನ್ಯ ಸದಸ್ಯರದ್ದು ಏನು, ಕ್ರಿಯಾಲೋಪವಾ?" ಎಂದು ಕೇಳಿದರು.

"ಅಲ್ಲ ಸ್ವಾಮಿ," ಅಂದೆ, "ಅಕ್ಷರಲೋಪ."

ಮತ್ತೆ ನಗು. ಆದರೆ ನಾನು ಆ ಸಾಲನ್ನು ಇದ್ದದ್ದು ಇದ್ದ ಹಾಗೆ ಓದಿದೆ. ನಗು ಒಂದೊಂದೇ ಬೆಂಚಿನಲ್ಲಿ ನಿಲ್ಲುತ್ತ ಬಂತು. ಮಂತ್ರಿಗಳು ಎದ್ದು, ಇದು ಬರೀ ಅಚ್ಚಿನ ತಪ್ಪು, ನಮ್ಮ ಉದ್ದೇಶ ಏನೆಂದು ಎಲ್ಲರಿಗೂ ಗೊತ್ತೇ ಇದೆ, ಅಂಗೀಕಾರವಾದ ಮೇಲೆ ಸರಿಮಾಡೋಣ ಎಂದರು. ಅವರು ಕೆಟ್ಟವರಲ್ಲ, ಊಟದ ಹೊತ್ತಾಗಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ಬೋರ್ಡ್ ಒಪ್ಪಿಸುವಾಗ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದೆ.

"ಸ್ವಾಮಿ, ಬೋರ್ಡಲ್ಲಿ ಏನಿದ್ಯೋ ಜನ ಅದನ್ನೇ ಓದೋದು. ಬರೆದೋನ ಮನಸ್ಸಲ್ಲಿ ಏನಿತ್ತು ಅಂತ ಯಾರೂ ಕೇಳೋದಿಲ್ಲ."

ಸಭಾಧ್ಯಕ್ಷರು ಆ ಸಾಲನ್ನು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, ತಿದ್ದಿದ ಮೇಲೆಯೇ ಮತ ಎಂದು ಹೇಳಿ ಅಧಿಕಾರಿಯನ್ನು ಕರೆಸಿದರು. ಅವರು ಪೆನ್ನಿನಲ್ಲಿ ಕೊಂಬು ಹೊಡೆದುಹಾಕಿ "ಲ್ಲ" ಬರೆದರು. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ, ಒತ್ತು ತೀರಾ ಕೆಳಗೆ ಹೋಗಿತ್ತು. ಆದರೂ ನನ್ನ ಜನ್ಮದಲ್ಲಿ ಅಷ್ಟು ಚಂದದ "ಲ್ಲ" ನೋಡಿಲ್ಲ. ಆಮೇಲೆ "ಹೌದು" ಎಂದರು ನೋಡು, ಎರಡೂ ಕಡೆಯವರು, ಒಟ್ಟಿಗೆ. ಚಾವಣಿಯ ಫ್ಯಾನು ಅಲ್ಲಾಡಿತೇನೋ ಅನ್ನಿಸಿತು. ಟೀಚರಮ್ಮ ತಮ್ಮ ಪೆನ್ಸಿಲನ್ನು ನನಗೆ ಬಹುಮಾನವಾಗಿ ಕೊಟ್ಟರು, ಈ ಕಾಗದದ ಗೆರೆ ಎಳೆದದ್ದು ಅದರಲ್ಲೇ.

ನಮ್ಮ ವಾರ್ಡ್ ಉಳಿಯಿತು ಅಣ್ಣ. ಮಗಳಿಗೆ ಹೇಳು, ಅವಳು ಮನೆಯಿಂದ ಐದು ನಿಮಿಷ ನಡೆದು, ತಾನು ಹುಟ್ಟುವಾಗ ಹೆರಿಗೆ ಮಾಡಿಸಿದ ಅದೇ ನರ್ಸಮ್ಮನ ಕೈಗೇ ಹೋಗಬಹುದು. ನರ್ಸಮ್ಮ ಈಗಲೂ ಬೈಯುತ್ತಲೇ ಹೆರಿಗೆ ಮಾಡಿಸುತ್ತಾರೆ ಎಂದು ಕೇಳಿದೆ. ಬೈಯಲಿ. ಬಾಗಿಲ ಮೇಲಿನ ಬೋರ್ಡಿನ ಬಣ್ಣ ಹೋಗಿದೆ, ಮಗು ಬರುವುದರೊಳಗೆ ನಾನೇ ಬಂದು ಬರೆಯುತ್ತೇನೆ. ನೀನು ಅಜ್ಜನಾಗುವವನು, ಕೆಳಗೆ ನಿಂತು ಏಣಿ ಹಿಡಿದುಕೊಂಡರೆ ಸಾಕು.

ಮಗಳಿಗೆ ಈ ಚಿಕ್ಕಪ್ಪನ ಆಶೀರ್ವಾದ. ಹೊಟ್ಟೆಯಲ್ಲಿರುವ ಪುಟಾಣಿಗೂ, ಗಂಡಾಗಲಿ ಹೆಣ್ಣಾಗಲಿ, ಅಕ್ಷರ ದುಂಡಗಿರಲಿ. ಅತ್ತಿಗೆಗೆ ನಮಸ್ಕಾರ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ಇಂತಿ ನಿನ್ನ ತಮ್ಮ
(ಸದನದಲ್ಲಿ ಗೋಡೆ)

ಮರೆತ ಮಾತು: ಇಲ್ಲ ಅಣ್ಣ, ಮರೆತದ್ದಲ್ಲ. ಕಾಗದ ಅಂಟಿಸುವ ಮುಂಚೆ ಯಾವುದಕ್ಕಾದರೂ ಉತ್ತರ ಬಿಟ್ಟಿದ್ದೇನೋ ಎಂದು ನಿನ್ನ ಮೂರು ಕಾಗದಗಳನ್ನೂ ತೆಗೆದೆ. ಅಭ್ಯಾಸಬಲ, ಕಡೆಯಿಂದ ಓದಿದೆ. ಮೇಲಿನದೆಲ್ಲ ಮಗಳ ಅಕ್ಷರ. ಕೆಳಗಿನ "ಅಣ್ಣ" ಎಂಬ ಸಹಿ ಮಾತ್ರ ನಿನ್ನದು. ಅದರ ಒತ್ತು ನಡುಗಿದೆ. ಮೂರರಲ್ಲೂ ನಡುಗಿದೆ, ಒಂದಕ್ಕಿಂತ ಒಂದರಲ್ಲಿ ಹೆಚ್ಚು. ಆ ನಡುಕವನ್ನು ನಾನು ಮೊದಲೇ ಒಂದು ಸಲ ನೋಡಿದ್ದೆ.

ಚುನಾವಣೆಗೆ ಹದಿನೈದು ದಿನ ಇರುವಾಗ, ಬಸ್ ನಿಲ್ದಾಣದ ಹಿಂದಿನ ಗೋಡೆಯಲ್ಲಿ. "ಹೆರಿಗೆ ವಾರ್ಡ್ ಮುಚ್ಚಲು ಬಿಡುವುದಿಲ್ಲ" ಎಂದು ಬರೆಯುತ್ತಿದ್ದೆ ನೀನು. ಕಡೆಯ "ಲ್ಲ" ಸೊಟ್ಟಗೆ ಜಾರಿತು. ಅಷ್ಟು ಜನರ ಎದುರು ನಾನು, ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದೀಯಾ ಎಂದು ಕೇಳಿದೆ. ಜೀವಮಾನದಲ್ಲಿ ಒಂದು ಹನಿ ಮುಟ್ಟದವನು ನೀನು, ಹೂಂ ಕಣೋ, ಸ್ವಲ್ಪ ಜಾಸ್ತಿ ಆಯ್ತು ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನ ಕೈಯಿಂದ ಬ್ರಷ್ ಕಿತ್ತುಕೊಂಡು ಅದರ ಮೇಲೆ ನನ್ನ "ಲ್ಲ" ಬರೆದೆ. ನಿನ್ನ ಕೈ ಹೀಗಾಗಿದೆ ಎಂದು ಗೊತ್ತಾಗಿದ್ದರೆ ನಾನು ನಾಮಪತ್ರ ವಾಪಸ್ ತೆಗೆದುಕೊಂಡು ಅಂಗಡಿಯಲ್ಲೇ ಕೂರುತ್ತಿದ್ದೆ. ಅದು ನಿನಗೆ ಗೊತ್ತಿತ್ತು, ಅದಕ್ಕೇ ಕುಡುಕ ಅನ್ನಿಸಿಕೊಂಡೆ.

ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ ಎಂದು ಸದನದಲ್ಲಿ ದೊಡ್ಡದಾಗಿ ಹೇಳಿ ಬಂದೆನಲ್ಲ. ನಾನೂ ಕೇಳಲಿಲ್ಲ.

ಆ ಗೋಡೆಗೆ ಯಾರೂ ಸುಣ್ಣ ಹೊಡೆಯದ ಹಾಗೆ ನೋಡಿಕೊ. ಊರಿಗೆ ಬಂದ ದಿನವೇ ನನ್ನ ಬಣ್ಣ ಕೆರೆದು ತೆಗೆಯುತ್ತೇನೆ, ಕೆಳಗೆ ನಿನ್ನದು ಹಾಗೇ ಇದೆ. ಕನ್ನಡಕದ ನೆಪ ಸಾಕು, ಮುಂದಿನ ಕಾಗದ ಮಗಳ ಕೈಯಲ್ಲಿ ಬರೆಸಬೇಡ. ನೀನೇ ಬರೆ. ನಡುಗಿದರೆ ನಡುಗಲಿ ಅಣ್ಣ, ನನಗೆ ಓದಲು ಬರುತ್ತದೆ.